ತಿರ್ಸಮ್ಮ ಹೊತ್ತು ತಂದ ಮಾತು

ತಾನು ಆಡುವ ಒಂದು ವಾಕ್ಯದ ಅರ್ಥ ತನಗೇ ತಿಳಿಯದೆ, ಅದನ್ನು ಬಾಯಲ್ಲಿಟ್ಟುಕೊಂಡು ಸಮುದ್ರ ದಾಟಿ ಬಂದ ಹೆಂಗಸು ಅವರು. ಸಿಕ್ಕವರ ಮುಂದೆ ನಿಂತು ಆ ವಾಕ್ಯವನ್ನು ಹೇಳುತ್ತಿದ್ದರು. ಹೇಳಿ ಮುಗಿಸಿ, ಎದುರಿಗಿರುವವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಗೋಣಿಕೊಪ್ಪಲಿನ ಸಂತೆಯಲ್ಲಿ ಮೆಣಸು ಅಳೆಯುವವರಿಗೆ ಹೇಳಿದ್ದರಂತೆ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಹೇಳಿದ್ದರಂತೆ, ಮಡಿಕೇರಿಯ ಔಷಧದಂಗಡಿಯಲ್ಲೂ ಹೇಳಿದ್ದರಂತೆ. ಯಾವುದೋ ಮಾತ್ರೆಯ ಹೆಸರಿರಬೇಕು ಎಂದು ಅಂಗಡಿಯವನು ಒಳಗೆ ಹೋಗಿ ಹುಡುಕಿ ಬಂದನಂತೆ. ಇದನ್ನು ಅವರೇ ನಗುತ್ತ ಹೇಳಿದ್ದು. ನಗುವಾಗಲೂ ಅವರ ಕಣ್ಣು ಮಾತ್ರ ಎದುರಿನವರ ತುಟಿಯ ಮೇಲೆ ಇರುತ್ತಿತ್ತು.

ಹೆಸರು ತಿರ್ಸಾ. ನಮ್ಮ ಗಾಳಿಬೀಡಿನವರು ಅದನ್ನು ತಿರ್ಸಮ್ಮ ಮಾಡಿಕೊಂಡರು. ಇಸ್ರೇಲಿನವರು. ಹೀಬ್ರೂ ಭಾಷೆಯ ಕಾದಂಬರಿಕಾರ್ತಿ. ಅದಕ್ಕಿಂತ ಹೆಚ್ಚಾಗಿ, ಅಲ್ಲಿನ ಒಂದು ಪತ್ರಿಕೆಗೆ ಪ್ರತಿ ಶುಕ್ರವಾರ ಅಂಕಣ ಬರೆದು ಹೆಸರಾದವರು. ಇದೆಲ್ಲ ನಮಗೆ ಮೊದಲ ದಿನವೇ ಗೊತ್ತಾಗಲಿಲ್ಲ. ನಾವು ಮನೆಯ ಹಿಂದಿನ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ್ದೇವೆ. ನಾನು ಮಡಿಕೇರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್, ನನ್ನ ಗಂಡ ಬೆಳ್ಳಿಯಪ್ಪ ತೋಟ ನೋಡಿಕೊಳ್ಳುತ್ತಾರೆ. ಆ ವರ್ಷ ಕಾಫಿ ಕೊಯ್ಲು ಅರ್ಧ ಆಗಿದ್ದಾಗ ಇವರು ಪೇಟೆಯಿಂದ ಜೀಪಿನಲ್ಲಿ ಒಬ್ಬ ಎತ್ತರದ ಹೆಂಗಸನ್ನು ಕರೆತಂದರು. ಕತ್ತರಿಸಿದ ಬಿಳಿ ಕೂದಲು, ಗಂಡಸರ ಅಂಗಿ, ಅಂಗಿಗೆ ದೊಡ್ಡ ಜೇಬು. ಜೇಬಿನಲ್ಲಿ ಪೆನ್ನು ಇರಲಿಲ್ಲ, ತಂಬಾಕಿನ ಪೊಟ್ಟಣ ಇತ್ತು. ವಯಸ್ಸು ಅರವತ್ತರ ಆಸುಪಾಸು. ಎರಡು ಮೂರು ದಿನ ಇದ್ದು ಹೋಗುತ್ತಾರೆ ಎಂದು ನಾವು ಅಂದುಕೊಂಡೆವು. ಅವರು ಹೋದದ್ದು ಮುಂಗಾರಿನ ಹೊಸ್ತಿಲಲ್ಲಿ.

ಬಂದ ಸಂಜೆಯೇ ಅವರು ನನಗೂ ಆ ವಾಕ್ಯ ಹೇಳಿದರು. ಇದು ಕನ್ನಡವಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ಅವರದು ಸರಾಗ, ನನ್ನದು ಪಾಠ ಮಾಡಿದ ಹಾಗೆ. ನನ್ನ ಕಿವಿಗೆ ಬಿದ್ದದ್ದು ಹೀಗೆ: ‘ಕತಲಾತ ಗುಡೆಬಾತಲೆ.’ ಗಂಟಲ ಒಳಗಿನಿಂದ ಬಂದ ಕ, ಎಲ್ಲೋ ಬಿದ್ದ ಒತ್ತು. ಕನ್ನಡ ಅಲ್ಲ ಎಂದೆ. ಕೊಡವ ತಕ್ಕ್ ಇರಬಹುದೇ ಎಂದು ಕೇಳಿದರು. ಅಲ್ಲ, ಅದೂ ಅಲ್ಲ ಎಂದೆ. ಅವರು ತಲೆಯಾಡಿಸಿ ಕೋಣೆಗೆ ಹೋದರು.

ಹೀಬ್ರೂ ಬಗ್ಗೆ ನನಗೆ ಆಗ ಏನೂ ಗೊತ್ತಿರಲಿಲ್ಲ. ಅವರೇ ಒಂದು ದಿನ ನನ್ನ ಹೆಸರನ್ನು ಬಲಗಡೆಯಿಂದ ಎಡಗಡೆಗೆ ಬರೆದು ತೋರಿಸಿದರು. ಸ್ವರಗಳನ್ನೇ ಬರೆಯುವುದಿಲ್ಲವಂತೆ. ನಾವು ಮೂಳೆ ಮಾತ್ರ ಬರೆಯುತ್ತೇವೆ, ಮಾಂಸ ಓದುವವರೇ ಹಾಕಿಕೊಳ್ಳಬೇಕು ಎಂದರು. ನಮ್ಮ ಅಕ್ಷರಗಳೆಲ್ಲ ಊಟ ಮಾಡಿ ಹೊಟ್ಟೆ ತುಂಬಿದವರ ಹಾಗೆ ಕಾಣುತ್ತವಂತೆ. ಇನ್ನೊಂದು ಮಾತು ಹೇಳಿದರು. ಆ ಭಾಷೆ ಎಷ್ಟೋ ಶತಮಾನ ಪ್ರಾರ್ಥನೆಯಲ್ಲಿ, ಪುಸ್ತಕದಲ್ಲಿ ಮಾತ್ರ ಇತ್ತು. ಮನೆಮಾತಾಗಿ ಮತ್ತೆ ಬಂದು ನಾಲ್ಕೈದು ತಲೆಮಾರು ಆಗಿರಬಹುದು ಅಷ್ಟೆ. ‘ನನ್ನದು ಅಜ್ಜಿಯರಿಲ್ಲದ ಭಾಷೆ, ಟೀಚರ್’ ಎಂದರು. ‘ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬರ ಅಜ್ಜಿಗೂ ಅದು ಸರಿಯಾಗಿ ಬರುತ್ತಿರಲಿಲ್ಲ.’

ಊರಿಗೆ ಅವರು ಬೇಗ ಹೊಂದಿಕೊಂಡರು. ಕೈಗೆ ಸಿಕ್ಕ ವಸ್ತು ತೋರಿಸಿ ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೇಳುವುದು ಅವರ ಚಾಳಿ. ತೋಟದ ಕೆಲಸಕ್ಕೆ ಬರುವವರಲ್ಲಿ ತಮಿಳಿನವರು, ಮಲಯಾಳದವರು, ತುಳುವಿನವರು ಎಲ್ಲ ಇದ್ದಾರೆ. ಒಂದು ಕತ್ತಿಗೆ ನಾಲ್ಕು ಹೆಸರು ಸಿಕ್ಕಿದರೆ ಅವರಿಗೆ ಹಬ್ಬ. ಯಾವುದನ್ನೂ ಬರೆದುಕೊಳ್ಳುತ್ತಿರಲಿಲ್ಲ. ಜೋರಾಗಿ ಮತ್ತೆ ಮತ್ತೆ ತಪ್ಪಾಗಿ ಹೇಳಿ, ಕೆಲಸದ ಹೆಂಗಸರನ್ನು ನಗಿಸಿ, ತಾವು ನಗದೆ ಮುಂದೆ ಹೋಗುತ್ತಿದ್ದರು. ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲು ಅವರ ಜಾಗ. ಅಲ್ಲಿ ಕುಳಿತು ತಂಬಾಕು ಸುರುಳಿ ಸುತ್ತುತ್ತಿದ್ದರು. ನನ್ನ ಅತ್ತೆ ಕೊಡುವ ಬೆಲ್ಲದ ಕಾಫಿಯನ್ನು ಲೋಟಗಟ್ಟಲೆ ಕುಡಿಯುತ್ತಿದ್ದರು. ಅತ್ತೆಗೆ ಇಂಗ್ಲಿಷು ಬಾರದು, ತಿರ್ಸಾಗೆ ನಮ್ಮ ಮಾತು ಬಾರದು. ಆದರೂ ಇಬ್ಬರೂ ಗಂಟೆಗಟ್ಟಲೆ ಕುಳಿತಿರುತ್ತಿದ್ದರು. ಅತ್ತೆ ತಮ್ಮ ಮಂಡಿ ನೋವಿನ ಬಗ್ಗೆ ಅರೆಭಾಷೆಯಲ್ಲಿ ಹೇಳಿದರೆ ತಿರ್ಸಾ ಹೀಬ್ರೂವಿನಲ್ಲಿ ಏನೋ ಉತ್ತರ ಕೊಡುತ್ತಿದ್ದರು.

ಅಂಥದೇ ಒಂದು ಸಂಜೆ ಅದು ನಡೆಯಿತು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ತಿರ್ಸಾ ಮೆಟ್ಟಿಲ ಮೇಲೆ ಕುಳಿತು, ಯಾರಿಗೂ ಅಲ್ಲದ ಹಾಗೆ, ತಮ್ಮ ಪಾಡಿಗೆ ತಾವು ಆ ವಾಕ್ಯವನ್ನು ಹೇಳಿದರು. ಮೆಲ್ಲಗೆ ಹೇಳಿದ್ದರಿಂದಲೋ ಏನೋ, ಅಂದು ಒತ್ತು ಎಲ್ಲೂ ಬೀಳಲಿಲ್ಲ.

ಅತ್ತೆ ತಲೆ ಎತ್ತಲೂ ಇಲ್ಲ. ಕಾಯಿ ಸುಲಿಯುತ್ತಲೇ, ದಿನಾ ಆಡುವ ಮಾತಿಗೆ ದಿನಾ ಕೊಡುವ ಉತ್ತರದ ಹಾಗೆ ಅಂದರು:

‘ಯಾರ ಗೂಡೆ? ಇನ್ನು ಬೆಳಕ್ ಉಟ್ಟಲ್ಲ.’

ರೊಟ್ಟಿ ನನ್ನ ಕೈಯಲ್ಲೇ ನಿಂತಿತು. ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ. ಯಾರ ಹುಡುಗಿ, ಇನ್ನೂ ಬೆಳಕಿದೆಯಲ್ಲ ಎಂದು ಅತ್ತೆ ಕೇಳಿದ್ದು. ಆಗ ಇಡೀ ವಾಕ್ಯ ಒಮ್ಮೆಲೇ ನನ್ನ ಕಿವಿಯಲ್ಲಿ ಬಿಡಿಸಿಕೊಂಡಿತು. ‘ಕತ್ತಲೆ ಆತ್, ಗೂಡೆ ಬಾತ್ಲೆ.’ ಕತ್ತಲೆ ಆಯಿತು, ಹುಡುಗಿ ಬರಲಿಲ್ಲ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ನನ್ನ ಅವ್ವ ಜಗಲಿಯಲ್ಲಿ ನಿಂತು ನನ್ನ ಬಗ್ಗೆ ಎಷ್ಟೋ ಸಲ ಹೇಳಿರಬೇಕು. ಆದರೆ ಅವರು ಭಾಷೆಯ ಬಗ್ಗೆ ಕೇಳಿದಾಗ ನಾನು ಕನ್ನಡವನ್ನು ನೆನೆದೆ, ಕೊಡವ ತಕ್ಕನ್ನು ನೆನೆದೆ. ಮನೆಯಲ್ಲಿ ಆಡುವುದು ಒಂದು ಭಾಷೆ ಎಂಬುದು ನೆನಪಿಗೇ ಬರಲಿಲ್ಲ.

ನಾನು ತಿರ್ಸಾ ಪಕ್ಕದಲ್ಲಿ ಕುಳಿತು ಅರ್ಥ ಹೇಳಿದೆ. ಅತ್ತೆಯ ಕಡೆ ತಿರುಗಿ, ಆ ವಾಕ್ಯವನ್ನು ಅವರು ಹೇಳಲಿ ಎಂದು ಕೈಸನ್ನೆ ಮಾಡಿದರು. ಅತ್ತೆ ಹೇಳಿದರು. ಇನ್ನೊಮ್ಮೆ ಎಂದು ಬೇಡಿಕೊಂಡರು. ಅತ್ತೆ ಇನ್ನೊಮ್ಮೆ ಹೇಳಿದರು. ಆಮೇಲೆ ಆ ಎತ್ತರದ ಹೆಂಗಸು ಮೊಣಕಾಲಿನ ಮೇಲೆ ಹಣೆ ಇಟ್ಟು ಕುಳಿತುಬಿಟ್ಟರು. ಅತ್ತೆ ನನ್ನನ್ನು ಬೈದರು, ‘ನೀ ಎಂಥ ಹೇಳ್ದೆ ಅವ್ಕೆ?’ ಎಂದು.

ಆ ವಾಕ್ಯ ಅವರ ತಾಯಿಯದು.

ತಾಯಿ ಕೊಚ್ಚಿಯ ಕಡೆಯ ಯಹೂದಿ ಕುಟುಂಬದವರು. ತಾಯಿಯ ತಂದೆ ಕೊಡಗಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ದೊರೆಗಳ ಕಾಲದಲ್ಲಿ ಲೆಕ್ಕಪತ್ರ ನೋಡುವವರಿಗೆ ಹಾಗೆನ್ನುತ್ತಿದ್ದರು, ಈಗಲೂ ಅನ್ನುತ್ತಾರೆ. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಾಗ ಅವರು ಕೂಸನ್ನು ಎಸ್ಟೇಟಿನ ಪಕ್ಕದ, ನಮ್ಮ ಹಾಗೆ ಅರೆಭಾಷೆ ಆಡುವ ಒಂದು ಗೌಡರ ಮನೆಯಲ್ಲಿ ಬಿಟ್ಟರು. ಏಳೆಂಟು ವರ್ಷ ಆ ಹುಡುಗಿ ಅಲ್ಲೇ ಬೆಳೆದಳು. ತಂದೆ ಮತ್ತೆ ಮದುವೆಯಾಗಿ ಅವಳನ್ನು ಕೊಚ್ಚಿಗೆ ಕರೆದುಕೊಂಡು ಹೋದರು. ಕೆಲವು ವರ್ಷದಲ್ಲಿ ಎಲ್ಲರೂ ಇಸ್ರೇಲಿಗೆ ಹೊರಟರು. ಅಲ್ಲಿ ಅವಳು ದೊಡ್ಡವಳಾಗಿ, ಮೊರಾಕೊ ಕಡೆಯಿಂದ ಬಂದ ಒಬ್ಬ ಬಸ್ ಡ್ರೈವರನ್ನು ಮದುವೆಯಾಗಿ, ಕಿತ್ತಳೆ ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ದುಡಿದು, ತಿರ್ಸಾರನ್ನು ಬೆಳೆಸಿದಳು. ಗಂಡನ ಮನೆಮಾತು ಅರಬ್ಬಿ, ಹೆಂಡತಿಯದು ಮಲಯಾಳ. ಇಬ್ಬರೂ ಮಗಳ ಜೊತೆ ಮಾತ್ರ ಹೀಬ್ರೂ ಆಡಿದರು, ಅರ್ಧಂಬರ್ಧ. ಕೊಡಗಿನ ಬಗ್ಗೆ ತಾಯಿ ಹೇಳುತ್ತಿದ್ದದ್ದು ‘ಕೂರ್ಗ್’ ಎಂಬ ಒಂದು ಪದ, ಅಲ್ಲಿ ಗಾಳಿ ಜಾಸ್ತಿ ಎಂಬ ಒಂದು ಸಂಗತಿ, ಅಷ್ಟೆ.

ಮುಪ್ಪಿನಲ್ಲಿ ತಾಯಿಗೆ ಮರೆವಿನ ರೋಗ ಬಂತು. ಮೊದಲು ಹೀಬ್ರೂ ಹೋಯಿತು. ಆಮೇಲೆ ಮಲಯಾಳವೂ ಹೋಯಿತು. ಕೊನೆಯ ತಿಂಗಳುಗಳಲ್ಲಿ ಬೇರೆ ಯಾವುದೋ ಮಾತು ಬಂತು, ಅದರಲ್ಲೂ ಈ ಒಂದು ವಾಕ್ಯ. ಸಂಜೆಯಾದರೆ ಸಾಕು, ಬಾಗಿಲ ಕಡೆ ನೋಡಿ ಹೇಳಲು ತೊಡಗುತ್ತಿದ್ದರು. ಅಲ್ಲಿನ ಕೊಚ್ಚಿ ಮುದುಕರನ್ನು ಕರೆದು ಕೇಳಿಸಿದರೆ, ಇದು ನಮ್ಮ ಭಾಷೆ ಅಲ್ಲ, ಸುಮ್ಮನೆ ಗೊಣಗುತ್ತಿದ್ದಾಳೆ ಎಂದರಂತೆ. ತಿರ್ಸಾ ಕೊಚ್ಚಿಗೆ ಹೋದಾಗಲೂ ಅದೇ ಉತ್ತರ.

‘ನೀರು ಕೇಳುತ್ತಿದ್ದಾಳೆ ಎಂದುಕೊಂಡೆ’ ಎಂದರು ತಿರ್ಸಾ. ‘ಪ್ರತಿ ಸಲ ನೀರು ಕೊಟ್ಟೆ. ಅಮ್ಮ ಕುಡಿಯುತ್ತಿದ್ದಳು, ಲೋಟ ವಾಪಸು ಕೊಟ್ಟು ಮತ್ತೆ ಅದನ್ನೇ ಹೇಳುತ್ತಿದ್ದಳು. ನಾನು ಮತ್ತೆ ನೀರು ಕೊಡುತ್ತಿದ್ದೆ. ಕಡೆಗೆ ಸಾಕಾಗಿ ಒಂದು ಜಗ್ ತುಂಬಿ ಅವಳ ಪಕ್ಕದಲ್ಲಿಟ್ಟು ಹೋಗುತ್ತಿದ್ದೆ.’

ನಾನು ಇದನ್ನು ಅತ್ತೆಗೆ ಹೇಳಿದೆ. ಅತ್ತೆ, ಹಾಗೆ ಯಾರಾದರೂ ಅಂದರೆ ‘ಬಂದೆ ಅವ್ವ, ಇಲ್ಲೇ ಒಳೆ’ ಎನ್ನಬೇಕಿತ್ತು ಎಂದರು. ಇಲ್ಲೇ ಇದ್ದೇನೆ ಎಂದು. ತಿರ್ಸಾ ಅದನ್ನೂ ಕಲಿತರು. ಮರುದಿನ ಬೆಳಿಗ್ಗೆ ಕಣದಲ್ಲಿ ಒಣಹಾಕಿದ್ದ ಕಾಫಿಯ ಸುತ್ತ ನಡೆಯುತ್ತ ಅದನ್ನು ಹೇಳಿಕೊಳ್ಳುತ್ತಿದ್ದರು. ಒಳೆ ಎಂಬ ಪದದ ಳ ಅವರ ನಾಲಗೆಗೆ ಹತ್ತುತ್ತಿರಲಿಲ್ಲ. ಕೆಲಸದ ಹೆಂಗಸರು ತಿದ್ದಿದರು, ನಕ್ಕರು. ಅಂದು ಮಾತ್ರ ಅವರೂ ನಕ್ಕರು. ಅವರ ಮನಸ್ಸು ಹಗುರಾದದ್ದನ್ನು ನಾನು ಕಂಡದ್ದು ಅದೊಂದೇ ಬೆಳಿಗ್ಗೆ.

ಆಮೇಲೆ ಹುಡುಕಾಟ ಶುರುವಾಯಿತು. ತಾಯಿಯನ್ನು ಬೆಳೆಸಿದ ಮನೆ ಯಾವುದು? ನನ್ನ ಗಂಡ ಜೀಪು ತೆಗೆದರು. ಗಾಳಿಬೀಡಿನ ಆಚೆ ಹಳೇ ದೊರೆಗಳ ಎಸ್ಟೇಟುಗಳು ಕೈಯಿಂದ ಕೈಗೆ ಹೋಗಿ ಹೆಸರೇ ಬದಲಾಗಿವೆ. ಆದರೂ ಒಬ್ಬ ಮುದುಕ ಹೇಳಿದ, ಅವನ ಅಪ್ಪನ ಕಾಲದಲ್ಲಿ ಒಬ್ಬ ಯಹೂದಿ ರೈಟರ್ ಇದ್ದ, ಶನಿವಾರ ಪೆನ್ನು ಮುಟ್ಟುತ್ತಿರಲಿಲ್ಲ, ದೊರೆ ಬೈಯುತ್ತಿದ್ದ ಎಂದು. ತಿರ್ಸಾ ಅದನ್ನು ಕೇಳಿ ನನ್ನ ತೋಳು ಹಿಡಿದುಕೊಂಡರು. ಆ ಎಸ್ಟೇಟಿನ ಪಕ್ಕದ ಗೌಡರ ಮನೆ ಇದ್ದ ಜಾಗವನ್ನು ಮುದುಕನೇ ತೋರಿಸಿದ. ಅಲ್ಲಿ ಮನೆ ಇರಲಿಲ್ಲ. ಗುಡ್ಡ ಕುಸಿದ ವರ್ಷ ಆ ಇಡೀ ಇಳಿಜಾರು ಕೆಳಗಿನ ತೋಡಿನ ನೀರಿಗೆ ಜಾರಿಹೋಗಿತ್ತು. ಈಗ ಕೆಂಪು ಮಣ್ಣಿನ ಮೇಲೆ ಕಾಡುಸೊಪ್ಪು ಎದ್ದು, ನಡುವೆ ಒಂದು ಸಿಲ್ವರ್ ಓಕ್ ಮರ ಓರೆಯಾಗಿ ಬೆಳೆದಿತ್ತು. ತಿರ್ಸಾ ಅಂಚಿನಲ್ಲಿ ನಿಂತು ಕೆಳಗೆ ನೋಡಿದರು. ಅಮ್ಮನನ್ನು ಸಾಕಿದವಳು ಇಲ್ಲಿಂದಲೇ ಅವಳನ್ನು ಕರೆಯುತ್ತಿದ್ದಿರಬೇಕು ಎಂದರು. ನನ್ನ ಗಂಡ ಅವರ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಮಣ್ಣು ಇನ್ನೂ ಗಟ್ಟಿಯಾಗಿರಲಿಲ್ಲ.

ಆ ಮನೆಯ ಒಬ್ಬ ಮಗಳು ಬದುಕಿದ್ದಾಳೆ ಎಂದು ಗೊತ್ತಾಯಿತು. ಪೂವಮ್ಮ. ತಿರ್ಸಾರ ತಾಯಿಯ ವಾರಿಗೆಯವರು, ಅಂದರೆ ಒಂದೇ ಮನೆಯಲ್ಲಿ ಒಟ್ಟಿಗೆ ಬೆಳೆದಿರಲೇಬೇಕಾದವರು. ಮನೆ ಹೋದ ಮೇಲೆ ಮೊಮ್ಮಗನ ಜೊತೆ ಕುಶಾಲನಗರದ ಹತ್ತಿರ, ಸರ್ಕಾರ ಕಟ್ಟಿಕೊಟ್ಟ ಮನೆಗಳ ಸಾಲಿನಲ್ಲಿ ಇದ್ದರು. ಅವರನ್ನು ನೋಡಲು ಹೊರಡುವ ದಿನ ತಿರ್ಸಾ ಅತ್ತೆಯ ಬಳಿ ಬಂದು, ಹಿರಿಯರ ಕಾಲು ಮುಟ್ಟುವುದು ಹೇಗೆ ಎಂದು ಕೇಳಿ ಕಲಿತುಕೊಂಡರು.

ಪೂವಮ್ಮ ಬಾಗಿಲಲ್ಲೇ ಕುಳಿತಿದ್ದರು. ಸಣ್ಣ ದೇಹ, ಚುರುಕು ಕಣ್ಣು, ಮರೆವಿನ ಸುಳಿವೂ ಇಲ್ಲ. ತಿರ್ಸಾ ಕಾಲು ಮುಟ್ಟಿದಾಗ ಮುಜುಗರದಿಂದ ಹಿಂದೆ ಸರಿದರು. ನಾನು ಎಲ್ಲವನ್ನೂ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. ಕೇಳಿಯಾದ ಮೇಲೆ ಗುಡ್ಡ ಕುಸಿದ ಬೆಳಗಿನ ಕಥೆ ಹೇಳಿದರು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸುಗಳ ಹಗ್ಗ ಬಿಚ್ಚಲು ಆಗಲಿಲ್ಲ ಎಂದರು. ಪ್ರತಿ ಹಸುವಿನ ಹೆಸರು ಹೇಳಿದರು. ಇಲ್ಲಿ ನೆಲ ಸಮತಟ್ಟು, ನಿದ್ದೆ ಬರುವುದಿಲ್ಲ ಎಂದರು. ನಾನು ಮೆಲ್ಲಗೆ ಮತ್ತೆ ರೈಟರನ ಹುಡುಗಿಯ ವಿಷಯಕ್ಕೆ ತಂದೆ.

ಪೂವಮ್ಮ ನಿಜವಾಗಿಯೂ ಯೋಚಿಸಿದರು. ಅದನ್ನು ನಾನು ನೋಡಿದೆ. ಕಣ್ಣು ಮುಚ್ಚಿ, ಬೆರಳಿನಲ್ಲಿ ಸೆರಗಿನ ಅಂಚು ತಿರುಗಿಸುತ್ತ, ಬಹಳ ಹೊತ್ತು.

‘ನನ್ನ ಅವ್ವ ಎಷ್ಟೋ ಮಕ್ಕಳ್ನ ಸಾಕಿಟ್ಟು. ತೋಟದ ಕೂಲಿ ಲೈನ್‌ನವು ಬುಟ್ಟಿಟ್ಟು ಹೋಗ್ತಿದ್ದೊ, ಬಂದ್ ಕರ್ಕಂಡ್ ಹೋಗ್ತಿದ್ದೊ. ಒಂದ್ ಹೋದರೆ ಒಂದ್ ಬರ್ತಿತ್ತ್. ಯಾವ ಗೂಡೆ ತ ಹೇಳ್ದು?’ ಎಂದು ಸೆರಗು ಬಿಟ್ಟು, ‘ಗೊತ್ಲೆ’ ಎಂದರು.

ನಾನು ಅನುವಾದ ಮಾಡಲು ತಿರುಗಿದೆ. ತಿರ್ಸಾ ಕೈ ಎತ್ತಿ ಬೇಡ ಎಂದರು. ಗೊತ್ತಿಲ್ಲ ಎನ್ನುವ ಆ ಪದ ಅವರಿಗೆ ಆಗಲೇ ಪರಿಚಯವಿತ್ತು. ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೇಳಿರಲಿಲ್ಲ! ನಮ್ಮ ಭಾಷೆಯ ಒಂದು ಮಾತು ಯಾರ ಸಹಾಯವೂ ಇಲ್ಲದೆ ನೇರವಾಗಿ ಅವರ ಒಳಗೆ ಹೋದದ್ದು ಅದೇ ಮೊದಲು.

ಪೂವಮ್ಮ ಕಾಫಿ ಕೊಡಿಸಿದರು. ತಿರ್ಸಾಗೆ ಮಕ್ಕಳೆಷ್ಟು ಎಂದು ಕೇಳಿದರು. ‘ಇಲ್ಲೆ’ ಎಂದು ತಿರ್ಸಾ ತಾವೇ ಉತ್ತರ ಕೊಟ್ಟರು. ಸರಿಯಾದ ಉಚ್ಚಾರ. ಹಿಂತಿರುಗುವಾಗ ಅವರು ಜೀಪಿನ ಹಿಂದೆ ಹೋಗಿ ಕುಳಿತರು.

ಅಲ್ಲಿಂದ ಮುಂದೆ ನಾವು ಕಂಡದ್ದು ಬೇರೆಯದೇ ತಿರ್ಸಮ್ಮನನ್ನು. ವಸ್ತುಗಳ ಹೆಸರು ಕೇಳುವುದು ನಿಂತಿತು. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆಯಲ್ಲಿ ಅನ್ನ ಹಾಗೇ ಇರುತ್ತಿತ್ತು. ಕಾಫಿ ಹೂ ಬಿಟ್ಟು ಗುಡ್ಡವೆಲ್ಲ ಬೆಳ್ಳಗಾದಾಗ ಪೇಟೆಯಿಂದ ಬಂದವರು ಫೋಟೋ ತೆಗೆದು ತೆಗೆದು ದಣಿದರು. ತಿರ್ಸಾ ಕಿಟಕಿ ಹಾಕಿಕೊಂಡರು, ವಾಸನೆಗೆ ತಲೆನೋವು ಎಂದು. ಅವರ ಪತ್ರಿಕೆಯಿಂದ ಫೋನು ಬರುತ್ತಿತ್ತು, ಎತ್ತುತ್ತಿರಲಿಲ್ಲ.

ಒಂದು ರಜೆಯ ಮಧ್ಯಾಹ್ನ ನಾನೇ ಅವರ ಕೋಣೆಗೆ ಹೋದೆ. ಬೇರೇನೂ ತೋಚದೆ ನನ್ನದೊಂದು ಕಥೆ ಹೇಳಿದೆ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ನಾನು ಬಾಯ್ತಪ್ಪಿ ‘ಗೊತ್ಲೆ’ ಅಂದದ್ದಕ್ಕೆ ಹಾಸ್ಟೆಲಿನಲ್ಲಿ ನನ್ನನ್ನೇ ಗೊತ್ಲೆ ಎಂದು ಕರೆಯುತ್ತಿದ್ದರು, ಕೋರ್ಸು ಮುಗಿಯುವವರೆಗೂ ಎಂದೆ. ಅರೆಭಾಷೆ ಎಂಬ ಹೆಸರಿನ ಅರ್ಥವೇನೆಂದು ಅವರು ಕೇಳಿದರು. ಅರ್ಧ ಭಾಷೆ ಎಂದೆ.

ಆಮೇಲೆ ತಮ್ಮ ಅಂಕಣದ ಕಥೆ ಹೇಳಿದರು.

ಅವರ ಕಾದಂಬರಿಗಳನ್ನು ಓದುವವರು ಕೆಲವರು. ಶುಕ್ರವಾರದ ಅಂಕಣವನ್ನು ದೇಶವೇ ಓದುತ್ತಿತ್ತು. ಅದರಲ್ಲಿ ಅವರು ಬರೆಯುತ್ತಿದ್ದದ್ದು ಅಮ್ಮನ ಬಗ್ಗೆ: ಅಮ್ಮನ ತಪ್ಪು ಹೀಬ್ರೂ, ಪದ ಹೋಗಿ ಪದ ಬರುವುದು, ಅಂಗಡಿಯಲ್ಲಿ ಒಂದು ಕೇಳಿ ಇನ್ನೊಂದು ತರುವುದು. ಓದಿದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಎಲ್ಲರ ಮನೆಯಲ್ಲೂ ಅಂಥ ಒಬ್ಬ ಅಮ್ಮ ಇದ್ದಳಲ್ಲ. ಅಮ್ಮನಿಗೆ ಓದು ಬಾರದು. ಮಗಳು ಪತ್ರಿಕೆಗೆ ಬರೆಯುತ್ತಾಳೆ ಎಂದು ಗೊತ್ತಿತ್ತು, ಏನು ಬರೆಯುತ್ತಾಳೆ ಎಂದು ಗೊತ್ತಿರಲಿಲ್ಲ. ಒಂದು ದಿನ ತರಕಾರಿ ಅಂಗಡಿಯವನು ಅಮ್ಮನ ಎದುರಿಗೇ ಅಮ್ಮನ ಹಾಗೆ ಮಾತಾಡಿ ತೋರಿಸಿದ. ಪ್ರೀತಿಯಿಂದಲೇ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅಮ್ಮ ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

ದೇಶಕ್ಕೆ ದೇಶವೇ ನಿನ್ನನ್ನು ಪ್ರೀತಿಸುತ್ತದೆ ಅಮ್ಮಾ ಎಂದು ಮಗಳು ಹೇಳಿದರಂತೆ.

‘ಅವಳು ಹೇಳಿದಳು: ಪ್ರೀತಿ ಯಾವುದು, ನಗೋದು ಯಾವುದು ನನಗೆ ಗೊತ್ತು. ನಾನು ಹದಿಮೂರನೇ ವಯಸ್ಸಿಗೆ ಇಲ್ಲಿಗೆ ಬಂದವಳು.’

ಅಂದಿನಿಂದ ಅಮ್ಮ ಮಗಳ ಎದುರು ಹೀಬ್ರೂ ಆಡುವುದನ್ನು ಬಿಟ್ಟಳು. ಹೂಂ, ಉಹೂಂ, ಅಷ್ಟೆ. ಊಟ ಬಡಿಸಿ ಕೈಯಲ್ಲೇ ತೋರಿಸುತ್ತಿದ್ದಳು.

ಹಾಗಾದರೆ ಅಂಕಣ ನಿಲ್ಲಿಸಿದಿರಾ ಎಂದು ಕೇಳಿದೆ.

‘ಇಲ್ಲ ಟೀಚರ್. ಶುಕ್ರವಾರ ನಿಲ್ಲುವುದಿಲ್ಲವಲ್ಲ. ಅಮ್ಮ ತಪ್ಪು ಮಾತಾಡುವುದನ್ನು ನಿಲ್ಲಿಸಿದ ಮೇಲೆ ಆ ತಪ್ಪುಗಳನ್ನು ನಾನೇ ಕಟ್ಟಿದೆ. ವರ್ಷಗಟ್ಟಲೆ. ಎಲ್ಲರಿಗೂ ಇಷ್ಟವಾದವು ಅವೇ. ಅಮ್ಮ ಆಡದೇ ಇದ್ದ ಮಾತುಗಳು.’

ಟೀಚರ್ ಬುದ್ಧಿ, ಇದನ್ನೆಲ್ಲ ಬರೆಯಿರಿ, ತಾಯಿಯ ವಾಕ್ಯದ ಕಥೆ, ಈ ಊರು, ಪೂವಮ್ಮ, ಎಲ್ಲ ಬರೆಯಿರಿ, ಮನಸ್ಸು ಹಗುರಾಗುತ್ತದೆ ಎಂದೆ. ಅವರು ಅಂಗಿಯ ಜೇಬಿನಿಂದ ತಂಬಾಕು ತೆಗೆದರು, ಸುತ್ತಲಿಲ್ಲ, ಹಾಗೇ ಹಿಡಿದುಕೊಂಡರು.

‘ಬರೆದರೆ ಚೆನ್ನಾಗಿ ಬರುತ್ತದೆ’ ಎಂದರು. ‘ಅದೇ ನನ್ನ ಭಯ. ಆಗ ನಕ್ಕವರು ಈಗ ಅಳುತ್ತಾರೆ. ಅಮ್ಮನಿಗೆ ಎರಡೂ ಒಂದೇ.’

ಮುಂಗಾರಿಗೆ ಮೊದಲು ಅವರ ವೀಸಾ ಮುಗಿಯಿತು. ಮಡಿಕೇರಿಯ ಬಸ್ ಸ್ಟ್ಯಾಂಡಿಗೆ ನಾನೂ ನನ್ನ ಗಂಡನೂ ಬಿಡಲು ಹೋದೆವು. ಅತ್ತೆ ಕಟ್ಟಿಕೊಟ್ಟ ಏಲಕ್ಕಿ, ಕರಿಮೆಣಸಿನ ಪೊಟ್ಟಣವನ್ನು ಅವರು ಮಡಿಲಲ್ಲಿ ಇಟ್ಟುಕೊಂಡಿದ್ದರು. ಮತ್ತೆ ಬನ್ನಿ ಎಂದೆ. ಬಸ್ಸು ತಿರುಗುವಾಗ ಕಿಟಕಿಯಲ್ಲಿ ಅವರ ಮುಖ ನಮ್ಮ ಕಡೆ ಇರಲಿಲ್ಲ, ಎದುರಿನ ಸೀಟಿನ ಬೆನ್ನನ್ನು ನೋಡುತ್ತಿತ್ತು.

ಕೆಲವು ಕಾಲ ಭಾನುವಾರ ಫೋನು ಮಾಡುತ್ತಿದ್ದರು. ನನ್ನ ಹತ್ತಿರ ಎರಡು ಮಾತು, ಮಿಕ್ಕದ್ದು ಅತ್ತೆಯ ಹತ್ತಿರ. ‘ಅವ್ವ, ಉಣ್ತಾ?’ ಎಂದು ಶುರು ಮಾಡುತ್ತಿದ್ದರು. ಊಟವಾಯಿತೇ ಎನ್ನಲು ಅದು ತಪ್ಪು ರೂಪ. ಅತ್ತೆ ತಿದ್ದುತ್ತಿದ್ದರು. ಮುಂದಿನ ವಾರ ಅದೇ ತಪ್ಪು. ಒಮ್ಮೆ ಅತ್ತೆ ನನ್ನ ಬಳಿ, ಇವಕ್ಕೆ ಬೇಕೂಂತಲೇ ತಪ್ಪು ಹೇಳುವ ಅಭ್ಯಾಸ ಇರಬೇಕು ಎಂದರು. ಆಮೇಲೆ ಅವರ ದೇಶದಲ್ಲಿ ಯುದ್ಧ ಜೋರಾಯಿತು. ಫೋನಿನಲ್ಲಿ ಸೈರನ್ ಕೇಳಿಸುತ್ತಿತ್ತು. ಒಳಗೆ ಹೋಗಿ ಎಂದು ನಾನು ಕೂಗಿದರೆ, ಹೋಗುತ್ತೇನೆ ಎನ್ನುತ್ತಿದ್ದರು. ಹೆಜ್ಜೆಯ ಸದ್ದು ಕೇಳಿಸುತ್ತಿರಲಿಲ್ಲ. ಈಗ ಏನಾದರೂ ಬರೆಯುತ್ತೀರಾ ಎಂದು ನಾನು ಮತ್ತೆ ಕೇಳಲಿಲ್ಲ. ವಾರಗಳ ನಡುವೆ ಅಂತರ ಹೆಚ್ಚುತ್ತ ಹೋಗಿ, ಫೋನು ನಿಂತಿತು. ನಾನು ಮಾಡಿದರೆ ಗಂಟೆ ಹೊಡೆದು ಹೊಡೆದು ಸುಮ್ಮನಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವರ ಸಂಬಂಧಿಕನೊಬ್ಬನಿಂದ ನನ್ನ ಮೊಬೈಲಿಗೆ ಸಂದೇಶ ಬಂತು. ತಿರ್ಸಾ ತೀರಿಕೊಂಡರು. ಶ್ವಾಸಕೋಶದ ರೋಗ, ಬಹಳ ದಿನದಿಂದ ಇತ್ತಂತೆ, ಔಷಧ ತೆಗೆದುಕೊಳ್ಳಲು ಒಪ್ಪಲಿಲ್ಲವಂತೆ. ಮನೆಯಲ್ಲಿ ಹಸ್ತಪ್ರತಿ ಏನೂ ಸಿಗಲಿಲ್ಲವಂತೆ. ಫೋನಿನಲ್ಲಿ ಇದ್ದ ಕೆಲವೇ ಹೆಸರುಗಳಲ್ಲಿ ನಿಮ್ಮದೂ ಒಂದು, ಅದಕ್ಕೆ ತಿಳಿಸುತ್ತಿದ್ದೇನೆ ಎಂದಿದ್ದ. ಜೊತೆಗೆ ಅವರ ಪತ್ರಿಕೆ ಶ್ರದ್ಧಾಂಜಲಿಯಾಗಿ ಹಾಕಿದ ಪುಟವನ್ನು ಕಳಿಸಿದ್ದ. ದೊಡ್ಡ ಫೋಟೋ, ಕೆಳಗೆ ಹಳೆಯ ಒಂದು ಅಂಕಣ, ಓದುಗರ ಅಚ್ಚುಮೆಚ್ಚಿನದು ಎಂದು ಮರುಮುದ್ರಣ.

ನಾನು ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲೇ ಅದನ್ನು ಇಂಗ್ಲಿಷಿಗೆ ತಿರುಗಿಸಿ ಓದಿದೆ. ಯಂತ್ರದ ಅನುವಾದ, ಅಲ್ಲಲ್ಲಿ ಕುಂಟುತ್ತಿತ್ತು. ಅಮ್ಮ ಆಸ್ಪತ್ರೆಗೆ ಹೋಗಿದ್ದಾಳೆ. ಡಾಕ್ಟರು ಏನು ತೊಂದರೆ ಎಂದು ಕೇಳುತ್ತಾರೆ. ಅಮ್ಮ ನೋವು ಎನ್ನಲು ಹೋಗಿ ಬಾಡಿಗೆ ಎನ್ನುತ್ತಾಳೆ. ಅವರ ಭಾಷೆಯಲ್ಲಿ ಹೇಗೆ ಕೂಡಿಸಿದ್ದರೋ ನನಗೆ ತಿಳಿಯದು. ‘ಎದೆ ಬಾಡಿಗೆಗಿದೆ ಡಾಕ್ಟ್ರೇ, ಎಷ್ಟೋ ವರ್ಷದಿಂದ ಯಾರೂ ಬರ್ತಾ ಇಲ್ಲ.’ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು, ಗಾಳಿ ಬೆಳಕು ಚೆನ್ನಾಗಿದೆಯಾ ಅಮ್ಮಾ ಎಂದು ಕೇಳುತ್ತಾರೆ.

ನನಗೆ ನಗು ಬಂತು. ತಡೆಯಲಾಗದೆ ಜೋರಾಗಿಯೇ ನಕ್ಕುಬಿಟ್ಟೆ. ನಕ್ಕ ಮೇಲೆ, ಪುಟದ ಮೂಲೆಯಲ್ಲಿ ಆ ಅಂಕಣ ಮೊದಲು ಅಚ್ಚಾದ ವರ್ಷ ಕಣ್ಣಿಗೆ ಬಿತ್ತು. ತರಕಾರಿ ಅಂಗಡಿಯ ಘಟನೆ ನಡೆದದ್ದು ಯಾವಾಗ ಎಂದು ಅವರು ಹೇಳಿದ್ದರು. ಇದು ಅದಾಗಿ ಬಹಳ ವರ್ಷಗಳ ನಂತರದ್ದು.

ನಗು ಕೇಳಿ ಅತ್ತೆ ಒಳಗಿನಿಂದ ಬಂದು, ಫೋನಿನಲ್ಲಿದ್ದ ಫೋಟೋ ನೋಡಿ, ‘ತಿರ್ಸಮ್ಮ ಅಲ್ಲನ? ಎಂಥ ಹೇಳ್ದೊ?’ ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ತೀರಿಹೋದದ್ದು, ಪತ್ರಿಕೆಯಲ್ಲಿ ಹಾಕಿದ್ದು, ಏನು ಹಾಕಿದ್ದಾರೆ ಎಂಬುದು. ಅತ್ತೆ ಗೋಡೆ ಹಿಡಿದು ನಿಧಾನವಾಗಿ ಕುಳಿತರು. ಅಂಗಳದಲ್ಲಿ ಕೊಯ್ಲಿನವರು ಚೀಲ ಇಳಿಸುತ್ತಿದ್ದರು. ಅವರನ್ನು ನೋಡುತ್ತ ಕೇಳಿದರು:

‘ಆ ಪೇಪರ್‌ನವ್ಕೆ ಬೇರೆ ಎಂಥದೂ ಸಿಕ್ಕಿತ್ಲೆನಾ?’

ಇಲ್ಲ ಅತ್ತೆ ಎಂದೆ. ತಾಯಿಯ ಬಗ್ಗೆ ಬೇರೆ ಏನನ್ನೂ ಅವರು ಬಿಟ್ಟುಹೋಗಿರಲಿಲ್ಲ.